ಎರವಲು ನಾಲಿಗೆ

ಗಂಟಲಿನ ಗಡ್ಡೆಗೆ ರೇಡಿಯೇಷನ್ ಮುಗಿಸಿಕೊಂಡು ಮನೆಗೆ ಬಂದಾಗ ಕನ್ನಡಕದ ಅಂಗಡಿಯವನು ಎರಡನ್ನು ಕಳೆದುಕೊಂಡಿದ್ದ. ಒಂದು, ನಾಲಿಗೆಯ ರುಚಿ. ಇನ್ನೊಂದು, ಕೂತಲ್ಲಿ ಕೂರುವ ಅಭ್ಯಾಸ. ರುಚಿ ನಿಧಾನಕ್ಕೆ ಬರಬಹುದು, ಎಷ್ಟು ಬರುತ್ತದೋ ಹೇಳಲಾಗದು, ಅಲ್ಲಿಯವರೆಗೆ ಖಾರ ಬೇಡ, ಬಿಸಿ ಬೇಡ, ಮದ್ಯವಂತೂ ಬೇಡವೇ ಬೇಡ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಕೂರುವುದರ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಬೆಳಗ್ಗೆ ಎದ್ದನೆಂದರೆ ಅವನು ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಮನೆಯೊಳಗೇ ಸುತ್ತುತ್ತಿದ್ದ. ಕಿಟಕಿ ತೆಗೆದು ರಸ್ತೆ ನೋಡುವುದು, ಮುಚ್ಚುವುದು. ಗೋಡೆಯ ಮೇಲಿನ ಚಿತ್ರ ಓರೆಯಾಗಿದೆಯೆಂದು ನೇರ ಮಾಡುವುದು, ಅಡುಗೆಮನೆಯ ತನಕ ಹೋಗಿ ಮತ್ತೆ ಬಂದು ಅದನ್ನೇ ಇನ್ನೊಂದು ಕಡೆಗೆ ಓರೆ ಮಾಡುವುದು. ಸೂಪನ್ನು ಸಹ ನಿಂತೇ ಕುಡಿಯುತ್ತಿದ್ದ, ಬಸ್ಸು ಹೊರಡುವ ಹೊತ್ತಾಯಿತು ಎನ್ನುವ ಹಾಗೆ.

ಅವನ ಹೆಂಡತಿ ಕಾರು ಓಡಿಸಲು ಕಲಿಸುವವಳು. ಅವಳ ಕಾರಿನಲ್ಲಿ ಎರಡು ಬ್ರೇಕು: ಕಲಿಯುವವರ ಕಾಲಿಗೊಂದು, ಅವಳ ಕಾಲಿಗೊಂದು. ತನ್ನದನ್ನು ಅವಳು ಧಾರಾಳವಾಗಿಯೇ ಒತ್ತುತ್ತಿದ್ದಳಾದ್ದರಿಂದ ಊರಿನ ಅರ್ಧ ಜನಕ್ಕೆ ಅವಳು ಬ್ರೇಕಮ್ಮ. ಹೆದರಿದವರ ಪಕ್ಕದಲ್ಲಿ ಕೂರುವುದೇ ಅವಳ ಕಸುಬು. ಬೆವರುವ ಅಂಗೈ, ಬಿಗಿಹಿಡಿದ ಉಸಿರು, ಎದುರಿಗೆ ಲಾರಿ ಕಂಡೊಡನೆ ಮುಚ್ಚಿಕೊಳ್ಳುವ ಕಣ್ಣು, ಎಲ್ಲವನ್ನೂ ಅವಳು ಕಂಡಿದ್ದಳು. ಆದರೆ ಮನೆಯಲ್ಲಿ ಓಡಾಡುತ್ತಿದ್ದ ಈ ಹೆದರಿಕೆಯ ಪಕ್ಕದಲ್ಲಿ ಕೂರುವುದು ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ. ಅದು ಕೂತರೆ ತಾನೆ!

ಮೆಟ್ಟಿಲ ಕೆಳಗೆ ಅವರ ಮನೆಗೊಂದು ನೆಲಮಾಳಿಗೆಯಿತ್ತು. ಮದುವೆಯಾದ ಹೊಸದರಲ್ಲಿ ಮುರಿದ ಕುರ್ಚಿಗಳೂ ತುಕ್ಕು ಹಿಡಿದ ಬಕೆಟ್ಟುಗಳೂ ತುಂಬಿದ್ದ ಜಾಗ. ಅವನು ಅದನ್ನು ಗುಡಿಸಿ, ಸುಣ್ಣ ಹೊಡೆದು, ಗೋಡೆಯುದ್ದಕ್ಕೂ ಮರದ ಗೂಡು ಮಾಡಿ ವೈನ್ ಬಾಟಲಿಗಳನ್ನು ಸಾಲಾಗಿ ಮಲಗಿಸಿದ್ದ. ಮಲಗಿಸಿಯೇ ಇಡಬೇಕಂತೆ, ನಿಲ್ಲಿಸಿದರೆ ಬಿರಡೆ ಒಣಗುತ್ತದಂತೆ. ಪ್ರವಾಸ ಹೋದಲ್ಲಿ ಒಂದು, ಅಂಗಡಿಯಲ್ಲಿ ಒಳ್ಳೆಯ ವ್ಯಾಪಾರವಾದ ತಿಂಗಳಲ್ಲಿ ಒಂದು, ಹೀಗೆ ತಂದು ಸೇರಿಸಿದ್ದು. ಬ್ರೇಕಮ್ಮನಿಗೆ ಅದರ ಹುಚ್ಚಿರಲಿಲ್ಲ. ಯಾರಾದರೂ ಬಂದಾಗ ಒಂದು ಗುಟುಕು ಕುಡಿದು "ಚೆನ್ನಾಗಿದೆ" ಅನ್ನುತ್ತಿದ್ದಳು, ಅಲ್ಲಿಗೆ ಮುಗಿಯಿತು.

ಒಂದು ಮಧ್ಯಾಹ್ನ ಅವಳು ಪಾಠ ಮುಗಿಸಿ ಬಂದಾಗ ಊಟದ ಮೇಜಿನ ಮೇಲೆ ಬಾಟಲಿ, ಎರಡು ಗ್ಲಾಸು ಕಾದಿದ್ದವು.

"ಏನಿದು? ಕುಡಿಯೋ ಹಾಗಿಲ್ಲ ಅಂದಿದಾರಲ್ಲ ರೀ."

"ನಾನಲ್ಲ, ನೀನು."

"ಮಧ್ಯಾಹ್ನದ ಹೊತ್ತಲ್ಲಾ?"

"ಇನ್ಯಾವ ಪಾಠಾನೂ ಇಲ್ಲ ತಾನೆ ಇವತ್ತು? ಕುಡಿ. ಕುಡಿದು ಹೇಗಿದೆ ಅಂತ ಹೇಳು."

ಅವಳು ಕುಡಿದಳು. "ಚೆನ್ನಾಗಿದೆ."

"ಚೆನ್ನಾಗಿದೆ ಅನ್ನೋದೂ ಒಂದು ರುಚಿಯೇನೇ?" ಅವನು ಮೇಜಿನ ಸುತ್ತ ಒಂದು ಸುತ್ತು ಹಾಕಿ ಬಂದ. "ಮೂಗು ಒಳಗೆ ಇಡು. ಇನ್ನೂ ಒಳಗೆ. ಈಗ ಇನ್ನೊಂದು ಗ್ಲಾಸು ನೋಡು, ಇದನ್ನ ಬೆಳಗ್ಗೇನೇ ಬಗ್ಗಿಸಿಟ್ಟಿದ್ದೆ, ಗಾಳಿ ಆಡಿದೆ. ಯಾವುದು ಸ್ಪಷ್ಟ? ಮೊದಲನೇದಾ, ಇದಾ? ನಿಧಾನವಾಗಿ ಹೇಳು. ಇದಾ... ಇದಾ?"

ಅಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಮಸೂರ ಬದಲಾಯಿಸುತ್ತಾ ಅವನು ದಿನವಿಡೀ ಆಡುತ್ತಿದ್ದ ಮಾತು ಅದು. ಅವಳಿಗೆ ನಗು ಬಂತು. ನಗುತ್ತಲೇ ಇನ್ನೊಮ್ಮೆ ಮೂಸಿದಳು.

"ನಗಬೇಡಿ ಮತ್ತೆ. ಒದ್ದೆ ಕೊಡೆ. ಒದ್ದೆ ಕೊಡೇನ ಮಡಚಿ ಮೂಲೇಲಿಟ್ಟು, ಮಾರನೇ ದಿನ ಬಿಚ್ಚಿದ ಹಾಗೆ."

ಅವನು ಕುರ್ಚಿ ಎಳೆದು ಕೂತುಬಿಟ್ಟ. "ಹಾಂ! ಅದೇ! ಆಮೇಲೆ?"

"ಆಮೇಲೆ ಪೆನ್ಸಿಲ್ ಕೆತ್ತಿದ ಹೊಟ್ಟು."

"ಬಾಯಲ್ಲಿ?"

"ಬಾಯಲ್ಲಿ ಹುಳಿ ಹಣ್ಣು. ಅಲ್ಲ, ಹಣ್ಣಲ್ಲ, ಹಣ್ಣಿನ ಬೀಜ ಕಚ್ಚಿದ ಹಾಗೆ. ಕೊನೇಗೆ ಸ್ವಲ್ಪ ಸಿಹಿ ಬಂತು, ಬಂದು ಹೋಗೇಬಿಡ್ತು."

ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಒಣಗಿದ ಬಾಯಿಯನ್ನು ಒಮ್ಮೆ ಚಪ್ಪರಿಸಿದ ಕೂಡ. ಅವಳು ಮಾತಾಡುವಷ್ಟು ಹೊತ್ತೂ ಅವನ ಕಾಲು ಅಲುಗಾಡಲಿಲ್ಲ. ಮಾತು ಮುಗಿಯಿತು, ಎದ್ದ, ಕಿಟಕಿ ತೆಗೆದ.

ಮರುದಿನ ಇನ್ನೊಂದು ಬಾಟಲಿ. ಅದರ ಮರುದಿನ ಬಿಳಿ ವೈನು. ಅದನ್ನು ಬಾಯಿಗಿಟ್ಟಾಗ ಬ್ರೇಕಮ್ಮನಿಗೆ ಚಿಕ್ಕವಳಿದ್ದಾಗ ಟಾರ್ಚಿನ ಬ್ಯಾಟರಿಯ ತುದಿಗೆ ನಾಲಿಗೆ ಮುಟ್ಟಿಸಿ ಬೆಚ್ಚಿದ್ದು ನೆನಪಾಯಿತು. ಹಾಗೇ ಹೇಳಿದಳು. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ನೀರು ಎರಚಿದಾಗ ಏಳುವ ವಾಸನೆ ಅಂದಳು. ಅವನು ಚಪ್ಪಾಳೆ ತಟ್ಟಿ, "ನಮ್ಮ ಹಲ್ಲಿನ ಡಾಕ್ಟ್ರು ನನ್ನ ಜೊತೆ ಇಷ್ಟು ವರ್ಷ ಕುಡಿದೂ 'ಹಣ್ಣು, ಹೂವು' ಬಿಟ್ಟು ಬೇರೆ ಹೇಳಿಲ್ಲ ಕಣೇ" ಅಂದ. ಅವಳಿಗೂ ಒಳಗೊಳಗೇ ಹೆಮ್ಮೆ. ಆ ಬಿಳಿ ವೈನು ಅವಳಿಗೆ ಹಿಡಿಸಿಯೂ ಬಿಟ್ಟಿತು. ಅವನು ನೋಡದಿದ್ದಾಗ ಗ್ಲಾಸಿಗೆ ಇನ್ನಷ್ಟು ಬಗ್ಗಿಸಿಕೊಂಡಳು.

ಅವನ ಅಕ್ಕ ಈಗ ಅಂಗಡಿ ನೋಡಿಕೊಳ್ಳುತ್ತಿದ್ದರು. ಸಂಜೆ ಬೀಗದ ಕೈ ಕೊಡಲು ಬಂದವರು ಅಡುಗೆಮನೆಯ ಮೂಲೆಯಲ್ಲಿ ಸಾಲುಗಟ್ಟಿದ್ದ ಖಾಲಿ ಬಾಟಲಿಗಳನ್ನು ನೋಡಿ ನಿಂತರು.

"ಇದೇನೇ ಇಷ್ಟೊಂದು?"

"ದಿನಕ್ಕೊಂದು ತೆಗೀತಿದಾರೆ ಅತ್ತಿಗೆ. ನಾನು ಕುಡಿದು ರುಚಿ ಹೇಳ್ಬೇಕು."

"ಒಂದನ್ನೂ ಮುಟ್ಟೋಕೆ ಬಿಡ್ತಿರ್ಲಿಲ್ಲ ಅವನು. ಇನ್ನೂ ಆಗಬೇಕು, ಇನ್ನೂ ಆಗಬೇಕು ಅಂತ ಕಾಯ್ತಿದ್ದೋನು." ಅತ್ತಿಗೆ ದನಿ ತಗ್ಗಿಸಿದರು. "ನಿಮ್ಮ ಭಾವನೂ ಹಿಂಗೇ ಕಣೇ. ಹೋಗೋದಕ್ಕೆ ಸ್ವಲ್ಪ ದಿನ ಮುಂಚೆ ಅಂಗಿಗಳನ್ನೆಲ್ಲ ತೆಗೆದು ತೆಗೆದು ಹಂಚಿಬಿಟ್ರು. ಒಳ್ಳೊಳ್ಳೇ ಅಂಗಿಗಳು."

ಹೇಳಿ, ಹೇಳಬಾರದಿತ್ತೆಂದು ನಾಲಿಗೆ ಕಚ್ಚಿಕೊಂಡು, ಚಪ್ಪಲಿ ಮೆಟ್ಟಿ ಹೋದರು. ಬ್ರೇಕಮ್ಮ ಖಾಲಿ ಬಾಟಲಿಗಳ ಸಾಲನ್ನು ಇನ್ನೊಮ್ಮೆ ನೋಡಿದಳು. ಇಷ್ಟು ದಿನ ಆಟ ಅಂದುಕೊಂಡಿದ್ದು ಆಟವಾಗಿರಲಿಲ್ಲ. ಅವನು ಮನೆ ಖಾಲಿ ಮಾಡುತ್ತಿದ್ದ. ತಾನು ಎದುರಿಗೆ ಕೂತು, ಗ್ಲಾಸು ಹಿಡಿದು, ಅದಕ್ಕೆ ಕೈ ಜೋಡಿಸುತ್ತಿದ್ದಳು. ಮರುದಿನದಿಂದ ಬಿರಡೆ ಎದ್ದು ಬರುವಾಗ ಆಗುವ 'ಟಪ್' ಸದ್ದಿಗೆ ಅವಳು ಕೆಳಗೆ ಉಳಿದ ಬಾಟಲಿಗಳ ಲೆಕ್ಕ ಹಾಕತೊಡಗಿದಳು.

ನಿಲ್ಲಿಸುವುದು ಹೇಗೆ? ಬೇಡ ಅಂದರೆ ಯಾಕೆ ಅನ್ನುತ್ತಾನೆ. ಯಾಕೆ ಅಂತ ಹೇಳುವುದಕ್ಕೆ ಅವಳಿಗೆ ಬಾಯಿಲ್ಲ.

ದಾರಿ ತಾನಾಗಿ ಸಿಕ್ಕಿತು. ಆ ವಾರ ಅವನು ಒಂದು ಕಪ್ಪಗಿನ ಕೆಂಪು ವೈನು ತೆಗೆದ. ಅದು ನಿಜಕ್ಕೂ ಬಾಯಿಗಿಡಲಾಗದಷ್ಟು ಒಗರಾಗಿತ್ತು. "ಅಬ್ಬಾ, ದಾಳಿಂಬೆ ಸಿಪ್ಪೆ ಅಗಿದ ಹಾಗಿದೆ ರೀ. ವಸಡೆಲ್ಲ ಹಿಡ್ಕೊಳ್ತು," ಅಂದಳು.

ಅವನು ಗಲ್ಲ ತುರಿಸಿಕೊಂಡ. "ಹಾಗಾದ್ರೆ ಅವಸರ ಮಾಡಿಬಿಟ್ಟೆ. ಇದು ಇನ್ನೂ ಮಾಗಿಲ್ಲ. ಇದರ ಜೊತೇವು ಕೆಳಗೆ ಇವೆ, ಅವನ್ನ ನಾಲ್ಕೈದು ವರ್ಷ ಮುಟ್ಟಬಾರದು." ಮೇಲೆ ತಂದಿಟ್ಟಿದ್ದ ಎರಡು ಬಾಟಲಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಅವನು ಮೆಟ್ಟಿಲಿಳಿದು ಹೋಗಿ ಮತ್ತೆ ಮಲಗಿಸಿ ಬಂದ.

ನಾಲ್ಕೈದು ವರ್ಷ! ಅವನ ಬಾಯಿಂದಲೇ ಬಂದ ಮಾತು. ಆಸ್ಪತ್ರೆಯ ಯಾವ ಡಾಕ್ಟರೂ ಅಷ್ಟು ದೂರದ ಮಾತಾಡಿರಲಿಲ್ಲ.

ಅಲ್ಲಿಂದ ಮುಂದೆ ಬ್ರೇಕಮ್ಮನ ಬಾಯಲ್ಲಿ ಎಲ್ಲವೂ ಒಗರು. ಬೆಣ್ಣೆಯಂತೆ ಜಾರಿಹೋದ ವೈನು ಒಗರು, ಜೇನಿನಂತಿದ್ದದ್ದೂ ಒಗರು. "ಇನ್ನೂ ಕಾಯಿ ರೀ, ಸಮಯ ಬೇಕು." ಅವನು ಹುಬ್ಬು ಗಂಟಿಕ್ಕುತ್ತಿದ್ದ, ಏನೋ ಲೆಕ್ಕ ಹಾಕುತ್ತಿದ್ದ, ಉಳಿದವನ್ನು ಕೆಳಗಿಟ್ಟು ಬರುತ್ತಿದ್ದ. ಬಾಟಲಿಗಳು ಉಳಿದವು. ಆದರೆ ಅವನು ಈಗ ಮೊದಲಿನಂತೆ ಕೂತು ಕೇಳುತ್ತಿರಲಿಲ್ಲ. ಒಂದೇ ಮಾತನ್ನು ಎಷ್ಟು ಸಲ ಅಂತ ಕಣ್ಣು ಮುಚ್ಚಿ ಕೇಳುವುದು? ಅರ್ಧಕ್ಕೇ ಎದ್ದು ಹೋಗುತ್ತಿದ್ದ. ಮನೆಯ ಒಳಗಿನ ಸುತ್ತು ಸಾಲದೆ ಈಗ ಹಿತ್ತಿಲಿಗೂ ಹಬ್ಬಿತ್ತು.

ಅವಳಿಗೂ ನೆಮ್ಮದಿಯಿಲ್ಲ. ಸುಳ್ಳು ಹೇಳಿ ರೂಢಿಯಿದ್ದವಳಲ್ಲ. ಕಾರಿನಲ್ಲಿ ಕೂತರೆ ಮನಸ್ಸು ನೆಲಮಾಳಿಗೆಯಲ್ಲಿ. ಒಂದು ಬೆಳಗ್ಗೆ ಖಾಲಿ ರಸ್ತೆಯ ನಡುಮಧ್ಯೆ ಅವಳ ಕಾಲು ಬ್ರೇಕನ್ನು ಕಚಕ್ಕನೆ ಒತ್ತಿತು. ಸ್ಟಿಯರಿಂಗ್ ಹಿಡಿದು ಕಲಿಯುತ್ತಿದ್ದ ನರ್ಸಮ್ಮ ಮುಂದಕ್ಕೆ ಮುಗ್ಗರಿಸಿ, "ಮೇಡಂ, ಎದುರಿಗೆ ಏನೂ ಇರ್ಲಿಲ್ವಲ್ಲ!" ಅಂದಳು.

"ಇರ್ಲಿಲ್ಲ," ಅಂದಳು ಬ್ರೇಕಮ್ಮ. "ಇದ್ದಿದ್ರೆ ಅಂತ."

ಸ್ಕ್ಯಾನಿಗೆ ದಿನ ಕೊಟ್ಟಿದ್ದರು, ಮಂಗಳವಾರ. ಅದಕ್ಕೆ ಮುಂಚಿನ ಭಾನುವಾರ ಅವನು ಹಲ್ಲಿನ ಡಾಕ್ಟರನ್ನು ಊಟಕ್ಕೆ ಕರೆದ. ಓದುವ ಕಾಲದ ಗೆಳೆಯ, ಕೆಳಗಿನ ಅರ್ಧ ಬಾಟಲಿಗಳನ್ನು ಇಬ್ಬರೂ ಜೊತೆಗೆ ಹೋಗಿ ಕೊಂಡಿದ್ದು. ಕಾಯಿಲೆಯಾದ ಮೇಲೆ ಡಾಕ್ಟರು ಬರುವುದು ಕಡಿಮೆಯಾಗಿತ್ತು. ಬಂದರೂ ಹಣ್ಣಿನ ಚೀಲ ಮಡಿಲಲ್ಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತು, "ಮುಖದಲ್ಲಿ ಕಳೆ ಬಂದಿದೆ ಕಣೋ" ಅಂದು ಹೊರಡುತ್ತಿದ್ದರು.

ಊಟವಾದ ಮೇಲೆ ಅವನು ಕೆಳಗಿನಿಂದ ತಂದ ಬಾಟಲಿ ನೋಡಿ ಬ್ರೇಕಮ್ಮ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಅಂಗಡಿ ತೆರೆದ ವರ್ಷ ಕೊಂಡದ್ದು ಅದು. ಮಗಳ ಮದುವೆಗೂ ತೆಗೆದಿರಲಿಲ್ಲ. ಮಗಳು ಗಲಾಟೆ ಮಾಡಿ ಕೇಳಿದರೂ "ಅದಕ್ಕೆ ಅದರದ್ದೇ ದಿನ ಬರುತ್ತೆ" ಅಂದಿದ್ದ.

"ಇದು ಯಾಕೆ ಈಗ?" ಅಂದಳು.

"ಈಗಲ್ಲದೆ ಯಾವಾಗ?"

ಬಿರಡೆ ಪುಡಿಪುಡಿಯಾಗಿ ಬಂತು. ಅವನು ಮೊದಲ ಗ್ಲಾಸನ್ನು ಅವಳ ಮುಂದಿಟ್ಟ. ಮೂಗಿಗೆ ಹಿಡಿದಳೋ ಇಲ್ಲವೋ ಅಂಟಿನ ಡಬ್ಬಿಯ ಮುಚ್ಚಳ ತೆರೆದಂತಹ ಘಾಟು. ಗುಟುಕು ಬಾಯೊಳಗೆ ಹೋದಾಗ ಕಿವಿಯ ಬುಡ ಜುಮ್ಮೆಂದಿತು. ನುಂಗಿದಳು. ಎದುರಿಗೆ ಅವನ ಕಣ್ಣು. ಅಭ್ಯಾಸವಾಗಿಬಿಟ್ಟಿದ್ದ ಮಾತು ತಾನಾಗಿ ಹೊರಬಂತು.

"ಒಗರು. ಇನ್ನೂ ಸ್ವಲ್ಪ ಸಮಯ ಬೇಕು ಇದಕ್ಕೆ."

ಅವನು ಒಡಕು ಗಂಟಲಲ್ಲಿ ನಕ್ಕ. "ಇದಕ್ಕಾ? ನಮ್ಮ ಅಂಗಡಿಯಷ್ಟು ವಯಸ್ಸು ಕಣೇ ಇದಕ್ಕೆ! ಇನ್ನೂ ಬೆಳೀಬೇಕಂತಾ? ಲೋ ಡಾಕ್ಟ್ರೇ, ನೀನು ನೋಡೋ."

ಡಾಕ್ಟರು ಗ್ಲಾಸನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಮೂಸಿದರು. ಮೂಸುವಾಗ ಅವರ ಹುಬ್ಬು ಒಮ್ಮೆ ಮೇಲೆ ಹೋಗಿ ಇಳಿಯಿತು. ಸ್ವಲ್ಪವೇ ಸ್ವಲ್ಪ ಬಾಯಿಗೆ ಹಾಕಿಕೊಂಡರು.

"ಅದ್ಭುತ," ಅಂದರು. "ರೇಷ್ಮೆ. ರೇಷ್ಮೆ ಇದ್ದ ಹಾಗಿದೆ. ಕಾದಿದ್ದು ಸಾರ್ಥಕ ಆಯ್ತು ಕಣೋ."

ಆ ಮುಖವನ್ನು ಬ್ರೇಕಮ್ಮ ಬಲ್ಲಳು. ಅವಳ ದವಡೆಹಲ್ಲು ಕೀಳುವ ಮೊದಲು "ಒಂಚೂರೂ ನೋಯಲ್ಲ ತಂಗಿ" ಅಂದಾಗಿನ ಮುಖವೇ ಅದು. ಅವಳು ಗಂಡನ ಕಡೆ ತಿರುಗಿದಳು. ಅವನು ಒಮ್ಮೆ ಇವಳನ್ನು, ಒಮ್ಮೆ ಅವರನ್ನು ನೋಡುತ್ತಿದ್ದ, ಪಕ್ಕದ ಕೋಣೆಯಲ್ಲಿ ತನ್ನ ಬಗ್ಗೆ ಯಾರೋ ಪಿಸುಗುಡುವುದನ್ನು ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುವವನ ಹಾಗೆ. ಆರು ತಿಂಗಳಿಂದ ಎಲ್ಲರೂ ಅವನಿಗೆ ಹೀಗೇ ಮಾತಾಡಿದ್ದು. ಕಳೆ ಬಂದಿದೆ, ಮೈ ಕೈ ತುಂಬಿಕೊಂಡಿದೆ, ಎಲ್ಲಾ ಸರಿಹೋಗುತ್ತೆ. ಆ ಸಾಲಿಗೆ ತಾನೂ ಹೋಗಿ ನಿಂತಿದ್ದೆ ಅನ್ನಿಸಿ ಅವಳಿಗೆ ಮೈ ಉರಿಯಿತು.

"ಡಾಕ್ಟ್ರೇ, ಇನ್ನೊಂದು ಗುಟುಕು ಕುಡೀರಿ," ಅಂದಳು.

"ಕುಡೀತೀನಿ ತಂಗಿ, ನಿಧಾನಕ್ಕೆ..."

"ರೇಷ್ಮೆ ಇದ್ದ ಹಾಗಿದೆಯಲ್ಲ, ಕುಡೀರಿ. ಯಾಕೆ, ಇಳೀತಿಲ್ವಾ?"

"ಏನೇ ನಿಂದು?" ಅಂದ ಗಂಡ.

"ಕೆಟ್ಟುಹೋಗಿದೆ ರೀ. ಪೂರ್ತಿ ಹುಳಿ. ಇವತ್ತಿಂದಲ್ಲ, ಎಷ್ಟು ವರ್ಷದಿಂದಲೋ. ಇವರು ಹೇಳಿದ್ದೂ ಸುಳ್ಳು, ನಾನು ಹೇಳಿದ್ದೂ ಸುಳ್ಳು."

"ಛೆ ಛೆ, ಹಾಗೇನಿಲ್ಲ," ಡಾಕ್ಟರು ತಡವರಿಸಿದರು. "ಸ್ವಲ್ಪ ವಯಸ್ಸಿನ ಗುಣ, ಅಷ್ಟೇ..."

ಅವನು ಕೈ ಚಾಚಿ ಅವಳ ಗ್ಲಾಸನ್ನು ಎತ್ತಿಕೊಂಡ. ಇಬ್ಬರೂ ಹಾಂ ಹಾಂ ಅನ್ನುವಷ್ಟರಲ್ಲಿ ಬಾಯಿಗೆ ಸುರಿದುಕೊಂಡಿದ್ದ. ಸುಟ್ಟ ಗಂಟಲಿಗೆ ಅದು ಕೆಂಡದ ಹಾಗೆ ಇಳಿದಿರಬೇಕು. ಮೇಜು ಹಿಡಿದು ಬಗ್ಗಿ ಕೆಮ್ಮಿದ. ಕಣ್ಣಲ್ಲಿ ಮೂಗಲ್ಲಿ ನೀರು. ಅವಳು ಬೆನ್ನು ನೀವಲು ಹೋದರೆ ಕೈ ತಳ್ಳಿ, ನೆಟ್ಟಗೆ ನಿಂತು, ಡಾಕ್ಟರ ಮುಖ ನೋಡಿ ಹೇಳಿದ:

"ಹುಳಿ."

ಡಾಕ್ಟರ ಮುಖ ಕಿವಿಯವರೆಗೂ ಕೆಂಪಾಯಿತು. "ನಿನ್ನ ಮನಸ್ಸಿಗೆ ಬೇಜಾರಾಗ್ಬಾರ್ದು ಅಂತ ಕಣೋ."

"ನನ್ನ ಮನಸ್ಸನ್ನ ನನ್ನ ಪಾಡಿಗೆ ಬಿಡ್ರೋ. ನಾಲಿಗೆ ಹೋಗಿದೆ ಅಂತ ತಾನೆ ನಿಮ್ಮಿಬ್ಬರ ನಾಲಿಗೆ ಎರವಲು ಕೇಳಿದ್ದು? ಅದೂ ಕೆಲಸಕ್ಕೆ ಬರ್ಲಿಲ್ಲ ಅಂದ್ರೆ ನಾನು ಎಲ್ಲಿಗೆ ಹೋಗ್ಲಿ?"

ಡಾಕ್ಟರು ತಮ್ಮ ಗ್ಲಾಸನ್ನು ಮೇಜಿನ ಮೇಲೆ ಅತ್ತ ಇತ್ತ ಸರಿಸಿದರು. ಕೊನೆಗೆ, "ನಂಗೆ ಇಲ್ಲಿಗೆ ಬರೋಕೇ ಭಯ ಆಗುತ್ತೆ ಕಣೋ," ಅಂದರು, ಗ್ಲಾಸಿಗೆ ಹೇಳುವಂತೆ. "ಏನು ಮಾತಾಡ್ಬೇಕು ಅಂತಾನೇ ತಿಳಿಯಲ್ಲ. ಗೇಟಿನ ತನಕ ಬಂದು ಎರಡು ಸಲ ವಾಪಸ್ ಹೋಗಿದೀನಿ."

"ಹಣ್ಣಿನ ಚೀಲ ಹಿಡ್ಕೊಂಡೇ ಹೋದ್ಯಾ?"

"ಹೂಂ. ಮನೇಲಿ ನಾನೇ ತಿಂದೆ."

ಅವನು ನಕ್ಕ, ನಕ್ಕು ಕೆಮ್ಮಿದ. ಡಾಕ್ಟರೂ ನಕ್ಕರು, ಆದರೆ ಬೇಗ ಎದ್ದು ಹೊರಟರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಬ್ರೇಕಮ್ಮನ ಮುಖ ನೋಡದೆ "ಕ್ಷಮಿಸು ತಂಗಿ" ಅಂದರು.

ಅವಳು ಬಾಟಲಿಯನ್ನು ಸಿಂಕಿಗೆ ಬಗ್ಗಿಸುತ್ತಿದ್ದಾಗ ಅವನು ಅಡುಗೆಮನೆಗೆ ಬಂದು ಗೋಡೆಗೆ ಒರಗಿ ನಿಂತ.

"ನಿಜವಾಗ್ಲೂ ರುಚಿ ಗೊತ್ತಾಯ್ತಾ?" ಅವಳು ತಿರುಗದೆಯೇ ಕೇಳಿದಳು. ಆಸೆ ತಡೆಯಲಾಗಲಿಲ್ಲ.

"ಇಲ್ಲ. ಬರೀ ಉರಿ."

"ಮತ್ತೆ ಹುಳಿ ಅಂದ್ರಿ?"

"ನೀನು ಅಂದ್ಯಲ್ಲ." ಆಮೇಲೆ ಅವನೇ ಕೇಳಿದ. "ಆ ಒಗರು ಒಗರು ಅಂತಿದ್ದದ್ದೆಲ್ಲ?"

ಅವಳು ನಲ್ಲಿ ನಿಲ್ಲಿಸಿದಳು. "ಒಂದು ನಿಜ. ಉಳಿದದ್ದು ಸುಳ್ಳು. ನೀವು ನಾಲ್ಕೈದು ವರ್ಷ ಬಿಡಬೇಕು ಅಂದ್ರಲ್ಲ, ಅದನ್ನ ಕೇಳೋಕೆ ಚೆನ್ನಾಗಿತ್ತು. ನೀವು ಎಲ್ಲಾ ಖಾಲಿ ಮಾಡ್ಕೊಂಡು ಹೊರಡ್ತಿದೀರಿ ಅಂತ ನಂಗೆ... ಅತ್ತಿಗೆ ಬೇರೆ ಅಂಗಿ ಗಿಂಗಿ ಅಂತ ಏನೋ ಅಂದ್ರು."

"ಅಕ್ಕಂಗೆ ಬೇರೆ ಕೆಲಸ ಇಲ್ಲ." ಅವನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತ. "ಮನೇಲಿ ಮಾತೇ ನಿಂತುಹೋಗಿತ್ತು ಕಣೇ. ನೋವಿದೆಯಾ, ನುಂಗೋಕಾಗುತ್ತಾ, ಮಾತ್ರೆ ಆಯ್ತಾ, ಇಷ್ಟೇ. ನೀನು ಒದ್ದೆ ಕೊಡೆ ಅಂದ ದಿನ, ಎಷ್ಟೋ ದಿನದ ಮೇಲೆ ಯಾರೋ ನನ್ನ ಗಂಟಲು ಬಿಟ್ಟು ಬೇರೆ ಏನೋ ಮಾತಾಡಿದ್ರು ಅನ್ನಿಸ್ತು. ಅದಕ್ಕೇ ದಿನಾ ತೆಗೆದೆ."

"ಅಷ್ಟೇನಾ?"

ಅವನು ಸುಳ್ಳು ಹೇಳಬಹುದಿತ್ತು. "ಅಷ್ಟೇ ಅಲ್ಲ. ನೀನು ಅಂದ್ಕೊಂಡಿದ್ದೂ ಸ್ವಲ್ಪ ಇತ್ತು," ಅಂದ.

ಅವಳು ಒದ್ದೆ ಕೈಯಲ್ಲೇ ಮುಖ ಒರೆಸಿಕೊಂಡಳು. ಅಡುಗೆಮನೆ ತುಂಬ ಹುಳಿ ವಾಸನೆ ಹಿಡಿದಿತ್ತು. ಕಿಟಕಿ ತೆರೆದರೂ ಸಂಜೆಯವರೆಗೆ ಹೋಗಲಿಲ್ಲ.

ಮಂಗಳವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ಅವನು ಆ ತುದಿಯಿಂದ ಈ ತುದಿಗೆ ಓಡಾಡಿ, ನೆಲ ಒರೆಸುತ್ತಿದ್ದವಳಿಂದ ಬೈಸಿಕೊಂಡ. ಡಾಕ್ಟರಮ್ಮ ಒಳಗೆ ಕರೆದು, ಪರದೆಯ ಮೇಲೆ ಬೂದು ಬಣ್ಣದ ಚಿತ್ರ ತೋರಿಸಿ, "ಸದ್ಯಕ್ಕೆ ಏನೂ ಕಾಣಿಸ್ತಿಲ್ಲ. ಮೂರು ತಿಂಗಳಿಗೆ ಮತ್ತೆ ನೋಡೋಣ," ಅಂದರು. ಈ ಮಾತು ಕೇಳಿದ ದಿನ ಒಳಗಿನ ಹೆದರಿಕೆ ತಣ್ಣಗಾಗುತ್ತದೆ ಎಂದು ಬ್ರೇಕಮ್ಮ ನಂಬಿಕೊಂಡಿದ್ದಳು. ತಣ್ಣಗಾಯಿತು, ಪಾರ್ಕಿಂಗಿನ ತನಕ. ಕಾರಿನ ಕೀಲಿ ತಿರುಗಿಸುವಾಗ 'ಸದ್ಯಕ್ಕೆ' ಅನ್ನುವುದು ನೆನಪಾಯಿತು, ಗೇಟು ದಾಟುವಾಗ 'ಮತ್ತೆ' ಅನ್ನುವುದು. ಮನೆಗೆ ತಿರುಗಬೇಕಾದಲ್ಲಿ ತಿರುಗದೆ ನೇರ ಹೋಗಿಬಿಟ್ಟಳು. ಪಕ್ಕದಲ್ಲಿ ಕೂತವನೂ ತಪ್ಪಿತೆಂದು ಹೇಳಲಿಲ್ಲ. ಊರ ಹೊರಗಿನ ಪೆಟ್ರೋಲ್ ಬಂಕ್ ಬಂದ ಮೇಲೆ ಇಬ್ಬರಿಗೂ ಎಚ್ಚರವಾಗಿ, ಒಬ್ಬರನ್ನೊಬ್ಬರು ನೋಡಿಕೊಂಡು, ಬಂದದ್ದೇ ಬಂದೆವೆಂದು ಪೆಟ್ರೋಲ್ ಹಾಕಿಸಿಕೊಂಡು ವಾಪಸಾದರು.

ಆಮೇಲೆ ದಿನಕ್ಕೊಂದು ಬಾಟಲಿ ತೆಗೆಯುವುದು ನಿಂತಿತು. ಭಾನುವಾರ ಮಾತ್ರ. ಡಾಕ್ಟರು ತಪ್ಪದೆ ಬರತೊಡಗಿದರು, ಕುರ್ಚಿಯ ತುಂಬ ಕೂರತೊಡಗಿದರು. ಡಾಕ್ಟರು ಹೂವು ಅಂದರೆ ಬ್ರೇಕಮ್ಮ ಹೊಸ ಟೈರು ಅನ್ನುವಳು, ಡಾಕ್ಟರು ತೊಗಲು ಅಂದರೆ ಅವಳು ಮೊಲದ ಗೂಡು ಅನ್ನುವಳು. ಜಗಳ ಕೈಮೀರಿದರೆ ಏನೂ ಕುಡಿಯದ ಅವನು ತೀರ್ಪು ಕೊಡುವನು. ಒಂದೊಂದು ಭಾನುವಾರ ಅವನಿಗೆ ಯಾವುದೂ ಬೇಡವಾಗಿ ಮೇಲೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಆಗ ಇವರಿಬ್ಬರೂ ಕೆಳಗೆ ಕೂತು, ಮಹಡಿಯ ಮರದ ಹಲಗೆಯ ಮೇಲೆ ಅವನ ಹೆಜ್ಜೆ ಅತ್ತಿಂದಿತ್ತ ಹೋಗುವುದನ್ನು ಕೇಳುತ್ತಿದ್ದರು.

ಉಪ್ಪು ಮೊದಲು ಬಂತು. ಅಕ್ಕ ಮಾಡಿದ ಸೂಪಿಗೆ "ಏನಕ್ಕಾ, ಉಪ್ಪು ಸುರಿದುಬಿಟ್ಟಿದೀಯಾ" ಅಂದಾಗ ಅಕ್ಕ ಬೈಸಿಕೊಂಡ ಖುಷಿಗೆ ಅತ್ತೇಬಿಟ್ಟರು. ಸಿಹಿ ಬರಲಿಲ್ಲ. ಎರಡನೇ ಸ್ಕ್ಯಾನಿಗೆ ಮುಂಚೆ, ಒಂದು ಚಮಚ ವೈನು ಬಾಯಿಗಿಟ್ಟು ನೋಡಬಹುದೆಂದು ಡಾಕ್ಟರಮ್ಮ ಫೋನಿನಲ್ಲಿ ಒಪ್ಪಿದರು. ಬ್ರೇಕಮ್ಮ ತಾನೇ ನೆಲಮಾಳಿಗೆಗೆ ಇಳಿದು, ತನಗೆ ಹಿಡಿಸಿದ ಆ ಬಿಳಿ ವೈನಿನ ಕೊನೆಯ ಬಾಟಲಿ ಹುಡುಕಿ ತಂದಳು. ಚಮಚಕ್ಕೆ ಬಗ್ಗಿಸಿ ಕೊಟ್ಟಳು. ಅವನು ನಾಲಿಗೆಯ ಮೇಲೆ ಹೊರಳಿಸಿದ, ಬಹಳ ಹೊತ್ತು.

"ಏನು?" ಅಂದಳು.

"ಕಬ್ಬಿಣ," ಅಂದ. "ಬರೀ ಕಬ್ಬಿಣ. ನೀನು ಹೇಳಿದಾಗಲೇ ಚೆನ್ನಾಗಿತ್ತು."

ಚಮಚ ಮೇಜಿನ ಮೇಲಿಟ್ಟು ಅವನು ಹಿತ್ತಿಲಿಗೆ ಹೋದ. ಅವಳು ಕರೆಯಲಿಲ್ಲ. ತನ್ನ ಗ್ಲಾಸಿಗೆ ತುಂಬ ಬಗ್ಗಿಸಿಕೊಂಡು ಕುಡಿಯುತ್ತಾ, ಸೋಮವಾರ ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಹೊರಡಬೇಕೆಂದು ಯೋಚಿಸಿದಳು. ವೈನು ತಣ್ಣಗೆ, ಚುರುಕಾಗಿ, ಬಹಳ ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ ಅವನು ಬಾಗಿಲಿನಿಂದ ಇಣುಕಿ, "ಅದರ ವಾಸನೆ ಆವತ್ತಿನ ಹಾಗೇ ಇದೆಯೇನೇ, ಇಲ್ಲಾ ಬದಲಾಗಿದೆಯಾ?" ಎಂದು ಕೇಳಿದ.

"ಬದಲಾಗಿದೆ," ಅಂದಳು ಅವಳು. "ಬನ್ನಿ, ಹೇಳ್ತೀನಿ."